ಹಳೆಯ ಸಿಟಿ ವಿಟೆಕ್‌ಗೆ ಕಡಿಮೆ ದುಡ್ಡಲ್ಲಿ ಕಸುವು ತಂದ ಬಗೆ

ಹೋಂಡಾ ಸಿಟಿ 1.5 ವಿಟೆಕ್ ನಮ್ಮಲ್ಲಿಗೆ ಬಂದದ್ದು 2000ರಲ್ಲಿ. ವಿಟೆಕ್ ಅಂದರೆ ಆರ್‌ಪಿಎಂ ಏರಿದಾಗ ವಾಲ್ವುಗಳನ್ನು ಹೆಚ್ಚು ತೆರೆಯುವ ಹೋಂಡಾ ಏರ್ಪಾಡು. 2003ರಲ್ಲಿ ಹೊಸ ಆಕಾರದ ಸಿಟಿ ಬರುತ್ತಿದ್ದಂತೆ ನಿಂತಿತು. 1493 ಸಿಸಿ, ಒಂದೇ ಕ್ಯಾಮ್ ಶಾಫ್ಟ್, 16 ವಾಲ್ವ್, 106 ಬಿಎಚ್‌ಪಿ. ಇದನ್ನು ಕೊಂಡವರು ಹೆಚ್ಚಿನಂಶ ಮೊದಲು ಕೈಹಾಕುವುದು ಸೈಲೆನ್ಸರ್‌ಗೆ. ನಾನು ಅದನ್ನು ಕೊನೆಗಿಟ್ಟೆ. ಇಪ್ಪತ್ತು ವರ್ಷ ದಾಟಿದ ಈ ಎಂಜಿನ್ನುಗಳಲ್ಲಿ ಪೂರ್ತಿ 106 ಉಳಿದಿರುವುದು ಅಪರೂಪ. ಕಳೆದುಹೋದದ್ದನ್ನು ವಾಪಸ್ ತರಲು ಆಗುವ ಖರ್ಚು, ಹೊಸದಾಗಿ ಐದು ಬಿಎಚ್‌ಪಿ ಸೇರಿಸುವುದಕ್ಕಿಂತ ಎಷ್ಟೋ ಕಡಿಮೆ. ಕೈಯಲ್ಲಿ ಒಂದು ಲಕ್ಷ ಇದ್ದರೆ 40 ಸಾವಿರ ಎಂಜಿನ್ ಸರ್ವಿಸಿಗೆ, 45 ಸಾವಿರ ಬ್ರೇಕು, ಟೈರು, ಸಸ್ಪೆನ್ಷನ್ನಿಗೆ ಎಂದು ಎತ್ತಿಡಿ. ಮೋಜಿನ ಸಾಮಾನಿಗೆ ಉಳಿದ 15 ಸಾಕು.

ಕಾರು ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇರಲಿ. ಹಿಂದಿನ ಚಕ್ರದ ಕಮಾನು, ಬಾಗಿಲ ಕೆಳಗಿನ ಅಂಚು, ಜಾಕ್ ಕೊಡುವ ಜಾಗ, ಇಲ್ಲೆಲ್ಲ ಅದು ಅಂಟದಿದ್ದರೆ ಒಳಗಿರುವುದು ತಗಡಲ್ಲ, ಪುಟ್ಟಿ. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಗುಂಡಿ ನೋಡಿ. ಟೈಲ್ ಲ್ಯಾಂಪ್ ಗ್ಯಾಸ್ಕೆಟ್ ಒಣಗಿ ಇಳಿದ ನೀರು ಅಲ್ಲೇ ನಿಲ್ಲುತ್ತದೆ. ಮಂಗಳೂರು, ಕಾರವಾರದ ಕಡೆ ಓಡಿದ ಗಾಡಿಯಾದರೆ ಅಡಿಗೆ ಮಲಗಿ ಸಸ್ಪೆನ್ಷನ್ ಕೂರುವ ಜಾಗಗಳನ್ನೆಲ್ಲ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡದೆ ಮಾತು ಮುಗಿಸಬೇಡಿ. ಎಂಜಿನ್ ಗುಜರಿಯಲ್ಲಿ ಸಿಗುತ್ತದೆ, ತುಕ್ಕು ತಿಂದ ಬಾಡಿಗೆ ಬದಲಿ ಇಲ್ಲ. ತೇಪೆ ಹಾಕಿಸುವುದೇ ಆದರೆ ಗ್ಯಾಸ್ ವೆಲ್ಡಿಂಗ್ ಬೇಡ, ಸಿಓಟು ವೆಲ್ಡಿಂಗ್ ಮಾಡಿಸಿ. ಗ್ಯಾಸಿನ ಕಾವಿಗೆ ತೆಳು ತಗಡು ಸುಕ್ಕಾಗುತ್ತದೆ, ಅದನ್ನು ಮುಚ್ಚಲು ಮತ್ತೆ ಪುಟ್ಟಿಯೇ ಬೇಕು.

ಮುಂದಿನದು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡವನ್ನು ಗೇಜಿನಿಂದ ಅಳೆಯುವುದು. ಎಂಜಿನ್ ಬಿಸಿಯಿರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಟರ್ ತೆಗೆದಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಆಕ್ಸಿಲರೇಟರ್ ಒತ್ತದೆ ಅಳೆದರೆ ಗಾಳಿ ಒಳಗೆ ಬಾರದೆ ಒಳ್ಳೆ ಎಂಜಿನ್ನೂ ಸತ್ತಂತೆ ತೋರುತ್ತದೆ. ಹೋಂಡಾದ ಈ ಡಿ ಸರಣಿಯ ಎಂಜಿನ್ನುಗಳಲ್ಲಿ 185 ಪಿಎಸ್‌ಐ ಆಸುಪಾಸು ಬಂದರೆ ಆರೋಗ್ಯ, 135 ಕೊನೆಯ ಗೆರೆ. ಸಿಲಿಂಡರಿನಿಂದ ಸಿಲಿಂಡರಿಗೆ 28 ಪಿಎಸ್‌ಐಗಿಂತ ಹೆಚ್ಚು ಅಂತರ ಇರಬಾರದು. ಒಂದರಲ್ಲಿ ಕಡಿಮೆ ಬಂದರೆ ಆ ಪ್ಲಗ್ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ: ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ ದೋಷ. ಹೊಗೆಯೂ ಇದನ್ನೇ ಹೇಳುತ್ತದೆ. ಸಿಗ್ನಲ್‌ನಲ್ಲಿ ನಿಂತು ಹೊರಡುವಾಗ ಮಾತ್ರ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್. ಎಳೆಯುವಾಗಲೆಲ್ಲ ಬಂದರೆ ರಿಂಗ್. ರಿಂಗ್ ಹೋದ ಗಾಡಿಯನ್ನು ಕಡಿಮೆ ಬಜೆಟ್ಟಿನವರು ಬಿಟ್ಟುಬಿಡುವುದೇ ವಾಸಿ.

ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದೆಂದು ಬಿಲ್ ತೋರಿಸದಿದ್ದರೆ, ಹಾಕಿಯೇ ಇಲ್ಲ ಅಂದುಕೊಳ್ಳಿ. ಇದರಲ್ಲಿ ಬೆಲ್ಟ್ ಕಡಿದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ, ಹೆಡ್ ಕೆಲಸ ತಪ್ಪಿದ್ದಲ್ಲ. ವಾಟರ್ ಪಂಪ್ ತಿರುಗುವುದೂ ಇದೇ ಬೆಲ್ಟಿನಿಂದ. ಹಾಗಾಗಿ ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಕ್ಯಾಮ್ ಮತ್ತು ಕ್ರ್ಯಾಂಕ್ ಸೀಲು ಎಲ್ಲ ಒಟ್ಟಿಗೆ ಹಾಕಿಸಿ. ಮಜೂರಿ ಹೇಗೂ ಒಂದೇ. ಈ ಎಂಜಿನ್ ತಿರುಗುವುದು ಬೇರೆ ಬಹುತೇಕ ಕಾರುಗಳಂತಲ್ಲ, ಪುಲ್ಲಿ ಕಡೆಯಿಂದ ನೋಡಿದರೆ ಎಡಸುತ್ತು. ಗುರುತು ಕೂಡಿಸಿ ಬೆಲ್ಟ್ ಹಾಕಿದ ಮೇಲೆ ಕೈಯಿಂದ ಐದಾರು ಸುತ್ತು ಎಡಕ್ಕೇ ತಿರುಗಿಸಿ. ಆಮೇಲೆ ಟೆನ್ಷನರ್ ಬೋಲ್ಟ್ ಸಡಿಲಿಸಿ, ಕ್ರ್ಯಾಂಕನ್ನು ಕ್ಯಾಮ್ ಪುಲ್ಲಿಯ ಮೂರು ಹಲ್ಲಿನಷ್ಟು ಎಡಕ್ಕೆ ಹೊರಳಿಸಿ, ಬೋಲ್ಟನ್ನು 44 ನ್ಯೂಟನ್ ಮೀಟರಿಗೆ ಬಿಗಿ ಮಾಡಿ. ಬೆರಳಲ್ಲಿ ಒತ್ತಿ ‘ಸಾಕು’ ಎನ್ನುವ ಅಂದಾಜಿನ ಬಿಗಿಯಲ್ಲಿ ಬೆಲ್ಟ್ ಒಂದೋ ಕೊರಗುಟ್ಟುತ್ತದೆ, ಇಲ್ಲವೇ ಹಲ್ಲು ಹಾರುತ್ತದೆ.

ಟ್ಯಾಪೆಟ್ ಸೆಟ್ಟಿಂಗಿಗೆ, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು ಸರಿಮಾಡುವುದಕ್ಕೆ, ಎಂಜಿನ್ ರಾತ್ರಿಯಿಡೀ ಆರಿರಬೇಕು. 38 ಡಿಗ್ರಿಗಿಂತ ಕೆಳಗೆ ಎನ್ನುವುದು ಹೋಂಡಾ ಲೆಕ್ಕ, ಅಂದರೆ ರಾಯಚೂರಿನ ಮೇ ತಿಂಗಳಲ್ಲಿ ಬೆಳಗಿನ ಜಾವವೇ ಗತಿ. ಇನ್‌ಟೇಕ್ 0.18ರಿಂದ 0.22 ಮಿ.ಮೀ., ಎಕ್ಸಾಸ್ಟ್ 0.23ರಿಂದ 0.27. ಒಂದನೇ ಸಿಲಿಂಡರಿನ ಪಿಸ್ಟನ್ ಮೇಲೆ ತಂದು ಅದರ ನಾಲ್ಕೂ ವಾಲ್ವ್ ಸೆಟ್ ಮಾಡಿ, ಕ್ರ್ಯಾಂಕ್ ಅರ್ಧ ಸುತ್ತು ತಿರುಗಿಸಿ ಮೂರನೆಯದು, ಆಮೇಲೆ ನಾಲ್ಕು, ಆಮೇಲೆ ಎರಡು. ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ಎಳೆದರೆ ತುಸು ಹಿಡಿದಂತೆ ಬರಬೇಕು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಜೊತೆಗೇ ತಿರುಗುವುದರಿಂದ, ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಗೇಜ್ ತೂರಿಸಲೇಬೇಕು. ಹಾಗೆಯೇ ಇನ್‌ಟೇಕ್ ಕಡೆಯ ನಡು ರಾಕರ್ ಅನ್ನು ಬೆರಳಿನಿಂದ ಒತ್ತಿ ನೋಡಿ. ಅಕ್ಕಪಕ್ಕದವುಗಳ ಹಂಗಿಲ್ಲದೆ ಅದು ತಾನಾಗಿ ಆಡಬೇಕು. ಸಿಕ್ಕಿಹಾಕಿಕೊಂಡಿದ್ದರೆ ವಿಟೆಕ್ ಹಿಡಿಯುವಾಗ ರಾಕರ್‌ಗಳನ್ನು ಕೂಡಿಸುವ ಪಿನ್ನುಗಳಲ್ಲಿ ಜಿಡ್ಡು ಕಟ್ಟಿದೆ ಎಂದರ್ಥ, ಹೊಸದಾಗಿ ಹಾಕಿದ ಮೊದಲ ಆಯಿಲನ್ನು ಬೇಗ ಬದಲಿಸಿ. ಟ್ಯಾಪೆಟ್ ಶಬ್ದ ಬರಲಿಲ್ಲವೆಂದು ಈ ಕೆಲಸ ತಪ್ಪಿಸುವವರಿದ್ದಾರೆ. ಶಬ್ದ ಮಾಡದ, ಅತಿ ಬಿಗಿಯಾದ ಎಕ್ಸಾಸ್ಟ್ ವಾಲ್ವೇ ಸುಡುವುದು.

ಟ್ಯಾಪೆಟ್ಟಿಗೆಂದು ವಾಲ್ವ್ ಕವರ್ ಬಿಚ್ಚಿದಾಗಲೇ ಪ್ಲಗ್ ಗುಂಡಿಗಳ ಸೀಲ್ ಹಾಕಿಬಿಡಿ. ಗುಂಡಿಯಲ್ಲಿ ಆಯಿಲ್ ನಿಂತರೆ ಪ್ಲಗ್ ವೈರಿನ ರಬ್ಬರ್ ಮೆತ್ತಗಾಗಿ ಕಿಡಿ ಪಕ್ಕಕ್ಕೆ ಹಾರಿ ಮಿಸ್ಸಿಂಗ್ ಶುರುವಾಗುತ್ತದೆ. ಪ್ಲಗ್ ಗ್ಯಾಪ್ 1.1 ಮಿ.ಮೀ.

ಇನ್ನು ಈ ಕಾಲದ ಹೋಂಡಾಗಳ ಹೆಸರುವಾಸಿ ಕಾಯಿಲೆ, ಫ್ಯೂಯೆಲ್ ಪಂಪಿಗೆ ಕರೆಂಟ್ ಕೊಡುವ ಮೇನ್ ರಿಲೇ. ಬಿಸಿಲಲ್ಲಿ ನಿಲ್ಲಿಸಿ ಬಂದರೆ ಸೆಲ್ಫ್ ಹೊಡೆಯುತ್ತದೆ, ಸ್ಟಾರ್ಟ್ ಆಗದು. ಸಂಜೆ ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಗ್ಯಾರೇಜಿನಲ್ಲಿ ಫ್ಯೂಯೆಲ್ ಪಂಪ್ ಬದಲಿಸಿ ಬಿಲ್ ಕೊಡುವುದು ವಾಡಿಕೆ. ಅದಕ್ಕೂ ಮುಂಚೆ ಕೀ ಆನ್ ಮಾಡಿ ಕಿವಿಗೊಡಿ: ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡು ಪಂಪಿನ ಗುಯ್‌ಗುಟ್ಟುವ ಸದ್ದು ಬರಬೇಕು. ಬಿಸಿಯಿದ್ದಾಗ ಬಾರದೆ, ತಣ್ಣಗಿದ್ದಾಗ ಬಂದರೆ ಡ್ಯಾಶ್‌ಬೋರ್ಡ್ ಕೆಳಗಿನ ರಿಲೇ ಪೆಟ್ಟಿಗೆ ಬಿಚ್ಚಿ. ಸರ್ಕ್ಯೂಟ್ ಬೋರ್ಡಿನ ಹಿಂಬದಿಯಲ್ಲಿ ದಪ್ಪ ಕಾಲುಗಳ ಸುತ್ತ ಬೆಸುಗೆಗೆ ಕೂದಲೆಳೆಯಂಥ ಉಂಗುರದ ಬಿರುಕು ಬಿಟ್ಟಿರುತ್ತದೆ, ಭೂತಗನ್ನಡಿಯಲ್ಲಿ ಚೆನ್ನಾಗಿ ಕಾಣುತ್ತದೆ. ಹಳೆ ಸೀಸ ಹೀರಿ ತೆಗೆದು 60/40 ಸೋಲ್ಡರಿನಿಂದ ಎಲ್ಲ ಕಾಲುಗಳಿಗೂ ಹೊಸದಾಗಿ ಬೆಸುಗೆ ಹಾಕಿದರೆ ಮುಗಿಯಿತು. ಬೆಂಗಳೂರಿನ ಎಸ್‌.ಪಿ. ರಸ್ತೆಯ ಮೊಬೈಲ್ ರಿಪೇರಿ ಹುಡುಗರೂ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ವಿಟೆಕ್ ಹಿಡಿಯುತ್ತಲೇ ಇಲ್ಲ ಎನ್ನುವುದು ಇನ್ನೊಂದು ದೂರು. ಎಂಜಿನ್ನಿನ ಕಂಪ್ಯೂಟರ್ ಇದನ್ನು ಸುಮ್ಮನೆ ಹಚ್ಚುವುದಿಲ್ಲ. ಎಂಜಿನ್ ಬಿಸಿಯಾಗಿರಬೇಕು, ಗಾಡಿ ಓಡುತ್ತಿರಬೇಕು, ಆರ್‌ಪಿಎಂ ಜೊತೆಗೆ ಲೋಡೂ ಇರಬೇಕು. ನಿಂತಲ್ಲೇ ರೇಸ್ ಕೊಟ್ಟು ಪರೀಕ್ಷಿಸುವುದು ದಂಡ. ಆಯಿಲ್ ಮಟ್ಟ ಕೆಳಗಿದ್ದರೂ ಒತ್ತಡ ಸಾಲದೆ ಪಿನ್ನು ಕೂರುವುದಿಲ್ಲ, ಮೊದಲು ಡಿಪ್‌ಸ್ಟಿಕ್ ನೋಡಿ. ಚೆಕ್ ಎಂಜಿನ್ ದೀಪ ಉರಿಯುತ್ತಿದ್ದರೆ ಸ್ಕ್ಯಾನರ್ ಇಲ್ಲದೆಯೂ ಓದಬಹುದು: ಡ್ಯಾಶ್‌ಬೋರ್ಡ್ ಕೆಳಗಿನ ಎರಡು ಪಿನ್ನಿನ ಸರ್ವಿಸ್ ಕನೆಕ್ಟರ್‌ಗೆ ವೈರ್ ಕೊಟ್ಟು ಕೀ ಆನ್ ಮಾಡಿದರೆ ದೀಪ ಮಿಣುಕುತ್ತದೆ. ಉದ್ದ ಮಿಣುಕು ಹತ್ತು, ಗಿಡ್ಡ ಮಿಣುಕು ಒಂದು. 21 ಬಂದರೆ ವಿಟೆಕ್‌ಗೆ ಆಯಿಲ್ ಬಿಡುವ ಕರೆಂಟಿನ ವಾಲ್ವ್, ಅಂದರೆ ಸೊಲೆನಾಯ್ಡ್, 22 ಬಂದರೆ ಅದರ ಆಯಿಲ್ ಪ್ರೆಷರ್ ಸ್ವಿಚ್. ಸೊಲೆನಾಯ್ಡಿನ ತುದಿಯಿಂದ ಬಾಡಿಗೆ ಮಲ್ಟಿಮೀಟರ್ ಹಿಡಿದರೆ 14ರಿಂದ 30 ಓಮ್ಸ್ ತೋರಿಸಬೇಕು. ಅಷ್ಟಿದ್ದೂ ಕೆಲಸ ಮಾಡದಿದ್ದರೆ ಬಿಚ್ಚಿ ಗ್ಯಾಸ್ಕೆಟ್ಟಿನ ಸಣ್ಣ ಜಾಲರಿ ನೋಡಿ. ಕಪ್ಪು ಕೆಸರಿನಿಂದ ಅದು ಕಟ್ಟಿಕೊಂಡಿರುವುದೇ ಹೆಚ್ಚು.

ಥರ್ಮೋಸ್ಟಾಟ್ ವಿಷಯ ಇಲ್ಲೇ ಸೇರುತ್ತದೆ. ‘ನಮ್ಮ ಬಿಸಿಲಿಗೆ ಅದು ಬೇಡ ಸರ್’ ಎಂದು ಕಿತ್ತೆಸೆದ ಗಾಡಿಗಳು ಬೇಕಾದಷ್ಟಿವೆ. ಅದು ತೆರೆಯಲು ಶುರುಮಾಡುವುದೇ ಸುಮಾರು 78 ಡಿಗ್ರಿಗೆ. ಅದಿಲ್ಲದೆ ಹೈವೇಯಲ್ಲಿ ಎಂಜಿನ್ ಎಂದೂ ಪೂರ್ತಿ ಕಾಯದು. ಇನ್ನೂ ತಣ್ಣಗಿದೆ ಎಂದು ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಸುರಿಯುತ್ತದೆ, ಮೈಲೇಜ್ ಬೀಳುತ್ತದೆ, ವಿಟೆಕ್ ಸಹ ತಡವರಿಸುತ್ತದೆ. ಹೊಸ ಥರ್ಮೋಸ್ಟಾಟ್ ಹಾಕಿ, ಕೂಲೆಂಟ್ ತುಂಬುವಾಗ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಕ್ಯಾಪ್ ತೆರೆದಿಟ್ಟು ಫ್ಯಾನ್ ಎರಡು ಸಲ ಓಡುವವರೆಗೆ ಬಿಡಿ. ಗಾಳಿಗುಳ್ಳೆ ಉಳಿದರೆ ಹೆಡ್ಡಿಗೆ ಅಪಾಯ. ಒಮ್ಮೆ ಕಾದ ಹೆಡ್ಡಾದರೆ ನೇರಪಟ್ಟಿ ಇಟ್ಟು ಅಳೆಯಿರಿ: 0.05 ಮಿ.ಮೀ. ಒಳಗಿದ್ದರೆ ಹಾಗೇ ಹಾಕಬಹುದು, 0.2ರವರೆಗೆ ಲೇತಿನಲ್ಲಿ ಸಮ ಮಾಡಿಸಬಹುದು, ಅದಕ್ಕೂ ಮೀರಿದರೆ ಬೇರೆ ಹೆಡ್ಡು.

ಎರಡನೇ, ಮೂರನೇ ಗೇರ್ ಬೆಳಗ್ಗೆ ಕರಕರ ಎಂದರೆ ಗೇರ್‌ಬಾಕ್ಸ್ ಇಳಿಸುವ ಮೊದಲು ಒಳಗಿನ ಆಯಿಲ್ ಯಾವುದೆಂದು ನೋಡಿ. ಹೋಂಡಾ ಹೇಳುವುದು ತನ್ನದೇ ಗೇರ್‌ಬಾಕ್ಸ್ ಆಯಿಲ್, ಎಂಟಿಎಫ್. ಅದಿಲ್ಲದಾಗ ತಾತ್ಕಾಲಿಕವಾಗಿ 10ಡಬ್ಲ್ಯು-30 ಎಂಜಿನ್ ಆಯಿಲ್. ನಮ್ಮ ಗ್ಯಾರೇಜುಗಳಲ್ಲಿ ಸುರಿಯುವ 90 ನಂಬರ್ ಗೇರ್ ಆಯಿಲ್ ಇದಕ್ಕೆ ತೀರಾ ಮಂದ. ಗೇರುಗಳ ವೇಗ ಹೊಂದಿಸುವ ಸಿಂಕ್ರೋ ರಿಂಗ್ ಅದನ್ನು ಕತ್ತರಿಸಿ ಕೋನನ್ನು ಹಿಡಿಯಲಾರದೆ ಕರಗುಟ್ಟುತ್ತದೆ. ಸುಮಾರು 1.8 ಲೀಟರ್ ಹಿಡಿಯುತ್ತದೆ. ಗಾಡಿ ಮಟ್ಟಸವಾಗಿ ನಿಂತಿರಲಿ, ತುಂಬುವ ತೂತಿನಿಂದ ಹೊರಗೆ ಜಿನುಗಿದಾಗ ನಿಲ್ಲಿಸಿ. ಡ್ರೈನ್ ಬಿಚ್ಚುವ ಮೊದಲು ತುಂಬುವ ಬೋಲ್ಟ್ ಬಿಚ್ಚಿಕೊಳ್ಳಿ. ಅದು ಕಚ್ಚಿಕೊಂಡಿದ್ದರೆ ಖಾಲಿ ಗೇರ್‌ಬಾಕ್ಸಿನೊಂದಿಗೆ ಕೂರಬೇಕಾಗುತ್ತದೆ.

ಬ್ರೇಕಿನಲ್ಲಿ ದೊಡ್ಡ ಡಿಸ್ಕು, ಬೇರೆ ಕಾರಿನ ಕ್ಯಾಲಿಪರ್ ಇವೆಲ್ಲ ಆಮೇಲೆ ನೋಡಿಕೊಳ್ಳಬಹುದು. ಕ್ಯಾಲಿಪರಿನ ಸ್ಲೈಡ್ ಪಿನ್ನು ತೆಗೆದು ತೊಳೆದು ಸಿಲಿಕೋನ್ ಗ್ರೀಸ್ ಹಚ್ಚಿ, ಪೆಟ್ರೋಲಿಯಂ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ ಪಿನ್ ಹಿಡಿದುಕೊಳ್ಳುತ್ತದೆ. ಡಾಟ್ 4 ಫ್ಲೂಯಿಡ್ ಹೊಸದಿದ್ದಾಗ 230 ಡಿಗ್ರಿಗಿಂತ ಮೇಲೆ ಕುದಿಯುತ್ತದೆ, ನೀರು ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಚಾರ್ಮಾಡಿ ಇಳಿಯುವಾಗ ಪೆಡಲ್ ಮೆತ್ತಗಾಗುವ ಕಾರಣ ಇದೇ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಿಸ್ಕನ್ನು ಲೇತಿಗೆ ಕೊಡುವ ಮುಂಚೆ ಅದರ ಮೇಲೇ ಅಚ್ಚಾಗಿರುವ ಕನಿಷ್ಠ ದಪ್ಪ ಓದಿ.

ವೀಲ್ ತರುವಾಗ ಪಿಸಿಡಿ 4x100 (ನಾಲ್ಕು ಬೋಲ್ಟು, ಅವುಗಳ ವೃತ್ತದ ವ್ಯಾಸ 100 ಮಿ.ಮೀ.), ನಡುತೂತು 56.1 ಮಿ.ಮೀ. ತೂತು ದೊಡ್ಡದಿದ್ದರೆ ಹಬ್ ರಿಂಗ್ ಹಾಕಿಸಿ, ಇಲ್ಲದಿದ್ದರೆ 90ರ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಪ್ರಾಣಕ್ಕೆ ಬರುವುದು ನಟ್ಟು. ಹೋಂಡಾದ ಮೂಲ ನಟ್ಟಿನ ಕೂರುವ ಮೈ ಗುಂಡಗಿದೆ, ಹೊರಗಿನ ಅಲಾಯ್‌ಗಳಿಗೆ ಹೆಚ್ಚಾಗಿ ಬೇಕಾದದ್ದು ಶಂಕುವಿನಾಕಾರದ್ದು. ಗುಂಡನೆಯದನ್ನು ಶಂಕುವಿನ ತೂತಿಗೆ ಹಾಕಿದರೆ ಗೆರೆಯಷ್ಟೇ ತಾಗಿ ಬಿಗಿಯಾದಂತೆ ತೋರುತ್ತದೆ, ಆಮೇಲೆ ಸಡಿಲಾಗುತ್ತದೆ. 12x1.5 ಮರೆಯ ಸರಿಯಾದ ನಟ್ಟು ತಂದು 108 ನ್ಯೂಟನ್ ಮೀಟರಿಗೆ ಬಿಗಿ ಮಾಡಿ, ಐವತ್ತು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ನೋಡಿ. ಟೈರಿನ ಅಳತೆ 175/70 ಆರ್13 ಇದ್ದರೆ 185/60 ಆರ್14 ಹಾಕಬಹುದು. ವ್ಯಾಸ 575 ಮಿ.ಮೀ.ನಿಂದ 578ಕ್ಕೆ ಹೋಗುತ್ತದೆ, ಅಷ್ಟೇ. 195/50 ಆರ್15 ಸಹ 576ಕ್ಕೆ ಕೂರುತ್ತದೆ, ಆದರೆ ನಮ್ಮ ಗುಂಡಿಗಳಿಗೆ ಆ ಗಿಡ್ಡ ಗೋಡೆ ರಿಮ್ಮನ್ನು ಬಲಿಕೊಡುತ್ತದೆ. ನಾನು 14ರಲ್ಲೇ ನಿಂತೆ.

ಸ್ಪ್ರಿಂಗ್ ಕತ್ತರಿಸಿ ಗಾಡಿ ಇಳಿಸುವುದು ಪುಕ್ಕಟೆ ಎನಿಸುತ್ತದೆ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡುಸಾಗುತ್ತದೆ, ಆದರೆ ಹಳೆ ಶಾಕ್ ಅಬ್ಸಾರ್ಬರ್ ಅದನ್ನು ತಡೆಯಲಾರದು, ಹಂಪಿನಲ್ಲಿ ಸೀದಾ ಬಂಪ್ ಸ್ಟಾಪಿಗೆ ಬಡಿಯುತ್ತದೆ. ಹೊಸ ಶಾಕ್, ಹೊಸ ಬುಶ್, ಮೂಲ ಸ್ಪ್ರಿಂಗ್ ಹಾಕಿದ ಗಾಡಿ ತಿರುವಿನಲ್ಲಿ ಕತ್ತರಿಸಿದ ಗಾಡಿಯನ್ನು ಹಿಂದೆ ಹಾಕುತ್ತದೆ. ಬುಶ್ ಹಾಕುವಾಗ ಒಂದೇ ಎಚ್ಚರ: ಆರ್ಮಿನ ಬೋಲ್ಟುಗಳನ್ನು ಗಾಡಿ ಜಾಕಿನ ಮೇಲಿದ್ದಾಗ ಪೂರ್ತಿ ಬಿಗಿ ಮಾಡಬಾರದು. ಚಕ್ರ ಜೋತಿರುವ ಭಂಗಿಯಲ್ಲಿ ಬಿಗಿದರೆ ಗಾಡಿ ಕೆಳಗಿಳಿದ ಕೂಡಲೇ ರಬ್ಬರ್ ತಿರುಚಿಕೊಂಡು, ಸದಾ ಹಾಗೇ ಇದ್ದು ಬೇಗ ಹರಿಯುತ್ತದೆ. ಚಕ್ರದ ಮೇಲೆ ಭಾರ ಬಿಟ್ಟು, ರ‍್ಯಾಂಪಿನ ಮೇಲೆ ನಿಲ್ಲಿಸಿ ಕೊನೆಯ ಬಿಗಿ ಕೊಡಬೇಕು. ಇದನ್ನು ನೀವೇ ಎದುರಿಗೆ ನಿಂತು ಮಾಡಿಸಿ.

ಕೊನೆಗೆ ಸೈಲೆನ್ಸರ್. ಟರ್ಬೋ ಇಲ್ಲದ ಒಂದೂವರೆ ಲೀಟರಿಗೆ 2 ಇಂಚಿನ ಪೈಪು ಧಾರಾಳ. ಎರಡೂವರೆ ಇಂಚು ಹಾಕಿದರೆ ಸದ್ದು ಬರುತ್ತದೆ, ಕೆಳಗಿನ ಪಿಕಪ್ ಹೋಗುತ್ತದೆ. ನಾಲ್ಕು ಪೈಪು ಎರಡಾಗಿ, ಎರಡು ಒಂದಾಗಿ ಸೇರುವ 4-2-1 ಹೆಡರ್ ಮಾಡಿಸುವುದಾದರೆ ಆರ್ಗನ್ ವೆಲ್ಡಿಂಗ್ ಮಾಡಿಸಿ, ಫ್ಲಾಂಜ್ ಬಾಗದಂತೆ ಹೆಡ್ಡಿಗೆ ಬಿಗಿದಿಟ್ಟೇ ಟಾಕ ಹಾಕಿಸಿ. ಆಕ್ಸಿಜನ್ ಸೆನ್ಸರಿನ ಮುಂಚೆ ಎಲ್ಲಾದರೂ ಸೋರಿದರೆ ಹೊರಗಿನ ಗಾಳಿ ಒಳನುಗ್ಗಿ, ಪೆಟ್ರೋಲ್ ಸಾಲದೆಂದು ಸೆನ್ಸರ್ ಸುಳ್ಳು ಹೇಳುತ್ತದೆ, ಕಂಪ್ಯೂಟರ್ ಇನ್ನಷ್ಟು ಸುರಿಯುತ್ತದೆ. ಕ್ಯಾಟ್ ಕನ್ವರ್ಟರ್ ತೆಗೆಯಬೇಡಿ, ಎಮಿಷನ್ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೀರಿ. ಬಾನೆಟ್ ಒಳಗೆ ಡಬ್ಬಿಯಿಲ್ಲದ ಬರಿ ಕೋನ್ ಏರ್ ಫಿಲ್ಟರ್ ಹಾಕುವುದೂ ಲಾಭವಲ್ಲ. ಅದು ರೇಡಿಯೇಟರಿನ ಬಿಸಿಗಾಳಿ ಎಳೆಯುತ್ತದೆ. ಗಾಳಿ ಮೂರು ಡಿಗ್ರಿ ಹೆಚ್ಚು ಕಾದರೆ ಸಾಂದ್ರತೆ ಸುಮಾರು ಶೇ 1ರಷ್ಟು ಇಳಿಯುತ್ತದೆ. ಮೂಲ ಡಬ್ಬಿಯಲ್ಲೇ ಹೊಸ ಪೇಪರ್ ಫಿಲ್ಟರ್ ಇರಲಿ.

ಕಾಗದದ ಕೆಲಸವೂ ಇದೆ. ಎಂಜಿನ್ ಬದಲಿಸಿದರೆ ಆರ್‌ಸಿಯಲ್ಲಿ ನಮೂದಾಗಬೇಕು, ಇಲ್ಲದಿದ್ದರೆ ಎಫ್‌ಸಿಯಲ್ಲಿ ನಿಲ್ಲುತ್ತದೆ. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಸಲ್ಲದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. 15 ವರ್ಷದ ನಂತರ ಆರ್‌ಸಿ ನವೀಕರಣ ಐದೈದು ವರ್ಷಕ್ಕೆ. ಆ ಶುಲ್ಕ 2022ರ ಏಪ್ರಿಲ್‌ನಿಂದ ಕಾರಿಗೆ 5,000 ರೂಪಾಯಿ, 20 ವರ್ಷ ದಾಟಿದವಕ್ಕೆ 2025ರಲ್ಲಿ 10,000 ಆಯಿತು. ದೆಹಲಿ ನೋಂದಣಿಯ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮೊದಲು ಎನ್‌ಒಸಿ ಕೈಗೆ ಬಂದಿದೆಯೇ, ಇಲ್ಲಿನ ಲೈಫ್ ಟ್ಯಾಕ್ಸ್ ಎಷ್ಟಾಗುತ್ತದೆ ಎಂದು ಆರ್‌ಟಿಒದಲ್ಲಿ ಕೇಳಿಕೊಂಡೇ ಮುಂಗಡ ಕೊಡಿ.