ಮೊದಲ ಗಂಟೆ ಮ್ಯಾಟ್ ಮುಚ್ಚಿಡಿ: ಹೊಸ ಪಪ್‌ಗಳ ಕೂಟ ನಡೆಸಿ ಕಂಡುಕೊಂಡದ್ದು

ಪಪ್ ಅಂದರೆ ನಾಯಿಮರಿಯ ಪಾತ್ರ ಹೊತ್ತು ನಾಲ್ಕು ಕಾಲಲ್ಲಿ ಆಡುವ ವಯಸ್ಕರು. ಅಂಥವರ ಕೂಟದಲ್ಲಿ ಮೊದಲ ಒಂದು ಗಂಟೆ ಯಾರೂ ಹುಡ್ (ನಾಯಿಮುಖದ ಮುಖವಾಡ) ಹಾಕಬಾರದು, ಮ್ಯಾಟ್ ಮೇಲೆ ಇಳಿಯಬಾರದು ಅಂತ ನಾವು ನಿಯಮ ಮಾಡಿದಾಗ ಹಳಬರಲ್ಲಿ ಮುಕ್ಕಾಲು ಜನ ಒಪ್ಪಲಿಲ್ಲ. 'ಪಪ್ ಕೂಟಕ್ಕೆ ಬಂದು ಕುರ್ಚಿ ಮೇಲೆ ಕೂತು ಮಾತಾಡೋದಾ?' ಅನ್ನುವುದು ಅವರ ತಕರಾರು. ಹೊಸಬರು ಬೇಜಾರಾಗಿ ಎದ್ದು ಹೋಗುತ್ತಾರೆ ಅಂದರು. ಆದದ್ದು ಉಲ್ಟಾ. ಮುಂಚೆ ಹತ್ತು ಜನ ಹೊಸಬರು ಬಂದರೆ ಮುಂದಿನ ಕೂಟದಲ್ಲಿ ಮತ್ತೆ ಮುಖ ತೋರಿಸುತ್ತಿದ್ದವರು ಮೂವರೋ ನಾಲ್ವರೋ. ಈಗ ಏಳೆಂಟು ಜನ ಬರುತ್ತಾರೆ. ಲೆಕ್ಕ ಬರೆದಿಟ್ಟಿಲ್ಲ, ನೆನಪಿನಿಂದಲೇ ಹೇಳುತ್ತಿರುವುದು. ಆದರೆ ಅವತ್ತು ತಕರಾರು ಮಾಡಿದವರೇ ಇವತ್ತು ಬೇರೆ ಗುಂಪುಗಳಿಗೆ ಈ ಗಂಟೆಯ ಬಗ್ಗೆ ಹೇಳಿಕೊಡುತ್ತಿದ್ದಾರೆ.

ಕಾರಣ ಸರಳ. ಬಾಗಿಲಿನಿಂದ ಬಂದವರನ್ನು ನೇರ ನಾಲ್ಕು ಕಾಲಿಗೆ ಇಳಿಸಿದರೆ ಒಂದೋ ಮೂಲೆ ಹಿಡಿದು ಮುದುಡಿ ಕೂರುತ್ತಾರೆ, ಇಲ್ಲವೇ ಗಾಬರಿ ಮುಚ್ಚಿಕೊಳ್ಳಲು ಜೋರಾಗಿ ಮೈಮೇಲೆ ಬೀಳುತ್ತಾರೆ. ಮುದುಡಿದವರು ಮತ್ತೆ ಬರುವುದಿಲ್ಲ, ಮೈಮೇಲೆ ಬಿದ್ದವರ ದೆಸೆಯಿಂದ ಬೇರೆಯವರು ಬರುವುದಿಲ್ಲ. ಒಂದು ಗಂಟೆ ಮುಖ ನೋಡಿ ಮಾತಾಡಿದ್ದರೆ ಹುಡ್ ಹಾಕಿದ ಮೇಲೂ ಒಳಗಿರುವುದು ಯಾರು, ಅವರಿಗೆ ಯಾವ ಮಂಡಿ ನೋವು, ಎಲ್ಲಿ ಮುಟ್ಟಿದರೆ ಆಗುವುದಿಲ್ಲ ಅನ್ನುವುದು ತಲೆಯಲ್ಲಿ ಉಳಿದಿರುತ್ತದೆ.

ನಮ್ಮ ಕೂಟ ಒಟ್ಟು ಮೂರೂವರೆ ಗಂಟೆಯದು. ಒಂದು ಗಂಟೆ ಮಾತು, ಇಪ್ಪತ್ತು ನಿಮಿಷ ಗೇರ್ (ಆಟದ ತೊಡುಗೆ) ಹಾಕಿ ನೋಡುವುದು, ಒಂದೂವರೆ ಗಂಟೆ ಮಾಶ್ (ಮ್ಯಾಟ್ ಮೇಲೆ ಪಪ್‌ಗಳೆಲ್ಲ ಸೇರಿ ಆಡುವುದು), ಕೊನೆಯ ನಲವತ್ತು ನಿಮಿಷ ತಣ್ಣಗಾಗುವುದು. ಬಾಗಿಲಲ್ಲಿ 18 ತುಂಬಿದೆಯಾ ಅಂತ ಗುರುತಿನ ಚೀಟಿ ನೋಡಿ ವಾಪಸ್ ಕೊಡುತ್ತೇವೆ, ನಿಜ ಹೆಸರು ಎಲ್ಲೂ ಬರೆದುಕೊಳ್ಳುವುದಿಲ್ಲ. ಫೋನಿನ ಮುಂದಿನ, ಹಿಂದಿನ ಎರಡೂ ಕ್ಯಾಮೆರಾಗಳ ಮೇಲೆ ಸ್ಟಿಕ್ಕರ್. ಕೈಗೆ ಬಣ್ಣದ ಪಟ್ಟಿ: ಹಸಿರು ಅಂದರೆ ಆಟದಲ್ಲಿ ಮೈ ತಾಗಿದರೆ ಪರವಾಗಿಲ್ಲ, ಹಳದಿ ಅಂದರೆ ಕೇಳಿ ಮುಟ್ಟಿ, ಕೆಂಪು ಅಂದರೆ ಮುಟ್ಟಲೇಬೇಡಿ. ಪಟ್ಟಿಯನ್ನು ನಡುವೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಕಾರಣ ಕೇಳುವುದಿಲ್ಲ. ಮೊದಲು ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟುತ್ತಿದ್ದೆವು. ಮಿಟ್ಸ್ (ಪಂಜದಂಥ ಕೈಗವಸು) ಹಾಕಿದ ತಕ್ಷಣ ಅದು ಮುಚ್ಚಿಹೋಗುತ್ತಿತ್ತು. ಈಗ ತೋಳಿನ ಮೇಲ್ಭಾಗಕ್ಕೆ ಕಟ್ಟುತ್ತೇವೆ.

ಹೊಸಬರು ಬಾಯಿಬಿಟ್ಟು ಕೇಳದಿದ್ದರೂ ಎಲ್ಲರ ಮನಸ್ಸಲ್ಲೂ ಇರುವ ಪ್ರಶ್ನೆಗೆ ನಾವೇ ಮೊದಲು ಉತ್ತರ ಕೊಡುತ್ತೇವೆ: ಇದು ಸೋಷಿಯಲ್, ಇಲ್ಲಿ ಲೈಂಗಿಕ ಆಟ ಇಲ್ಲ, ಮೈ ಮುಚ್ಚುವ ಬಟ್ಟೆ ಕಡ್ಡಾಯ, ಮದ್ಯ ಇಲ್ಲ. ಬೊಗಳಲೇಬೇಕು ಅಂತಿಲ್ಲ. ಹ್ಯಾಂಡ್ಲರ್ (ಪಪ್‌ನನ್ನು ನೋಡಿಕೊಂಡು ಆಡಿಸುವವರು) ಇರಲೇಬೇಕು ಅಂತಿಲ್ಲ, ಹ್ಯಾಂಡ್ಲರ್ ಇಲ್ಲದ ಸ್ಟ್ರೇ ಪಪ್‌ಗಳೇ ಹೆಚ್ಚು. ಒಬ್ಬರ ಹ್ಯಾಂಡ್ಲರ್ ಎಲ್ಲರ ಹ್ಯಾಂಡ್ಲರ್ ಅಲ್ಲ. 'ಕೂತ್ಕೋ' ಅಂತ ಯಾರೋ ಅಪರಿಚಿತರು ಹೇಳಿದರೆ ಕೂರಬೇಕಾಗಿಲ್ಲ. ಬೇರೆಯವರ ಕಾಲರ್ ಮುಟ್ಟಬಾರದು, ಬೀಗ ಹಾಕಿದ್ದರಂತೂ ಅದು ಪಪ್, ಹ್ಯಾಂಡ್ಲರ್ ಇಬ್ಬರ ನಡುವಿನ ವಿಷಯ. ಕೊರಳ ಕರವಸ್ತ್ರದ ಬಣ್ಣ ನೋಡಿ ಅವರಿಗೆ ಏನಿಷ್ಟ ಅಂತ ಊಹಿಸಲು ಹೋಗಬೇಡಿ, ಹಾಕಿದವರನ್ನೇ ಕೇಳಿ. ಸುಮ್ಮನೆ ನೋಡಲು ಬಂದವರಿಗೂ ಜಾಗವಿದೆ, ಆದರೆ ಟೇಪ್ ಹಾಕಿದ ಗೆರೆಯ ಆಚೆ. ಗೋಡೆಯ ಮೇಲಿನ ಕಪ್ಪು, ಬಿಳಿ, ನೀಲಿ ಓರೆಪಟ್ಟೆಗಳ, ಕೆಂಪು ಮೂಳೆಯ ಬಾವುಟ ಏನು ಅಂತ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಅದು ಪಪ್‌ಗಳ ಬಾವುಟ, 2011ರದ್ದು. ಅದಕ್ಕೂ ಹಿಂದಿನದು 1989ರ ಲೆದರ್ ಬಾವುಟ, ಅಂದರೆ ಚರ್ಮದುಡುಪು ಮೆಚ್ಚುವ ಬಳಗದ್ದು, ಕಪ್ಪು, ನೀಲಿ, ಬಿಳಿ ಪಟ್ಟೆಗಳು ಅದರಲ್ಲೂ ಇವೆ. ನಮ್ಮ ಆಟ ಬೆಳೆದು ಬಂದದ್ದು ಆ ಮನೆಯಿಂದಲೇ.

ಇನ್ನು ಮ್ಯಾಟ್. ನಮ್ಮ ಹಣ ಅತಿ ಹೆಚ್ಚು ಹೋದದ್ದು ಇಲ್ಲೇ, ಅದೂ ಎರಡು ಸಲ. ಮೊದಲು ಒಂದಕ್ಕೊಂದು ಹಲ್ಲು ಸಿಕ್ಕಿಸುವ ಫೋಮ್ ಹಲಗೆ ತಂದೆವು: 60 ಸೆಂಟಿಮೀಟರ್ ಚದರ, 2 ಸೆಂಟಿಮೀಟರ್ ದಪ್ಪ, ನೂರು ತುಂಡು, ಒಟ್ಟು 36 ಚದರ ಮೀಟರ್. ಒಬ್ಬರು ನಡೆದಾಡಿದರೆ ಏನೂ ಆಗುವುದಿಲ್ಲ. ಎಂಟು ಜನ ಮಂಡಿಯೂರಿ ಗಿರಕಿ ಹೊಡೆದರೆ ಹತ್ತೇ ನಿಮಿಷದಲ್ಲಿ ಹಲ್ಲು ಬಿಟ್ಟುಕೊಳ್ಳುತ್ತವೆ, ಸಂದಿಯಲ್ಲಿ ಕಾಲ್ಬೆರಳು ಸಿಕ್ಕುತ್ತದೆ. ಮೇಲಿನಿಂದ ಟೇಪ್ ಹಚ್ಚಿದರೆ ಅದರ ಅಂಚು ಎದ್ದು ಮಂಡಿಯ ಚರ್ಮ ತರಚುತ್ತದೆ. ಆಮೇಲೆ ಹಳೆಯ ಜೂಡೋ ಮ್ಯಾಟ್ ತಂದೆವು: 1 ಮೀಟರ್‌ಗೆ 2 ಮೀಟರ್, 4 ಸೆಂಟಿಮೀಟರ್ ದಪ್ಪ, ಹದಿನೆಂಟು ತುಂಡು. ಹಳೆಯದಾದರೂ ಫೋಮ್ ಹಲಗೆಯ ಮೂರು ಪಟ್ಟು ಬೆಲೆ, ಒಂದೊಂದನ್ನು ಎತ್ತಲು ಇಬ್ಬರು ಬೇಕು. ಆದರೆ ಅವು ಅಲುಗಾಡುವುದಿಲ್ಲ. ಅಡಿಯಿಂದ ಅವನ್ನು ಹಿಡಿದಿಡುವುದಕ್ಕೆ ನಮ್ಮದೇ ಒಂದು ಕಟ್ಟುವ ಕ್ರಮವಿದೆ. ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ, ಹಾಸಲು ಕೈಜೋಡಿಸಿದವರು ನೋಡಿ ಕಲಿಯುತ್ತಾರೆ. ಗೋಡೆಯಿಂದ, ಕುರ್ಚಿಗಳಿಂದ ಸುತ್ತಲೂ ಒಂದು ಮೀಟರ್ ಖಾಲಿ ಬಿಡಿ. ಒಬ್ಬ ಪಪ್‌ಗೆ 4 ಚದರ ಮೀಟರ್ ಲೆಕ್ಕದಲ್ಲಿ 36ಕ್ಕೆ ಒಂಬತ್ತು ಜನ. ಹದಿನಾಲ್ಕು ಜನರನ್ನು ಬಿಟ್ಟು ನೋಡಿದ್ದೇವೆ, ತಲೆಗೆ ತಲೆ ಡಿಕ್ಕಿ ಹೊಡೆಯುವುದು ತಪ್ಪಲಿಲ್ಲ. ಹುಡ್ ಪಕ್ಕದ ನೋಟವನ್ನು ಬಹುಪಾಲು ಕತ್ತರಿಸುತ್ತದೆ ಅನ್ನುವುದನ್ನು ಮರೆತು ಮಾಡಿದ ಲೆಕ್ಕ ಅದು.

ಹೊಸಬರು ಕೈಯಲ್ಲಿರುವ ದುಡ್ಡನ್ನೆಲ್ಲ ಹುಡ್‌ಗೆ ಸುರಿಯುತ್ತಾರೆ. ನಮ್ಮ ಸಲಹೆ ಬೇರೆ: ಮೊದಲು ಮಂಡಿಪಟ್ಟಿ, ಕೊನೆಗೆ ಹುಡ್. ಒಂದು ಒಳ್ಳೆ ಹುಡ್‌ನ ಬೆಲೆಗೆ ಐದಾರು ಜೊತೆ ಮಂಡಿಪಟ್ಟಿ ಬರುತ್ತದೆ. ಕಟ್ಟಡ ಕೆಲಸದ ಗಟ್ಟಿ ಚಿಪ್ಪಿನವು ಬೇಡ, ಮ್ಯಾಟ್ ಮೇಲೆ ಜಾರುತ್ತವೆ, ಎದುರಿನವರ ಪಕ್ಕೆಗೆ ತಾಗಿದರೆ ಏಟಾಗುತ್ತದೆ. ವಾಲಿಬಾಲ್ ಆಡುವವರ ದಪ್ಪ ಸ್ಪಂಜಿನದು ಸಾಕು. ಮಂಡಿಚಿಪ್ಪಿನ ಸ್ವಲ್ಪ ಮೇಲೆ ತೊಡೆಯ ಸುತ್ತಳತೆ ನೋಡಿ ಖರೀದಿಸಿ. ಸಡಿಲವಾದರೆ ಎರಡೇ ನಿಮಿಷದಲ್ಲಿ ಮೊಣಕಾಲಿನ ಕೆಳಗೆ ಇಳಿದಿರುತ್ತದೆ, ಬಿಗಿಯಾದರೆ ಮಂಡಿಯ ಹಿಂದೆ ರಕ್ತ ಕಟ್ಟಿ ಪಾದ ಜೋಮು ಹಿಡಿಯುತ್ತದೆ. ಉದ್ದ ಟೈಟ್ಸ್ ಮೇಲೆ ಹಾಕಿದರೆ ಎರಡೂ ತೊಂದರೆ ಕಡಿಮೆ. ಎರವಲು ಕೊಡಲು ನಮ್ಮಲ್ಲಿ ಮೂರು ಅಳತೆಯ ಹನ್ನೆರಡು ಜೊತೆ ಇವೆ, ಪ್ರತಿ ಸಲ ಒಗೆದಿಟ್ಟಿರುತ್ತವೆ.

ಮಂಡಿಗಿಂತ ಮೊದಲು ಸೋಲುವುದು ಮಣಿಕಟ್ಟು. ಅಂಗೈ ಚಪ್ಪಟೆಯಾಗಿ ಊರಿದರೆ ಮಣಿಕಟ್ಟು ಲಂಬಕೋನಕ್ಕೆ ಬಾಗಿ ಮೈಭಾರವೆಲ್ಲ ಅಲ್ಲಿಗೇ ಬೀಳುತ್ತದೆ, ಹತ್ತು ನಿಮಿಷಕ್ಕೆ ನೋವು ಶುರು. ಮುಷ್ಟಿ ಕಟ್ಟಿ ಊರಿದರೆ ಮಣಿಕಟ್ಟು ನೇರ ನಿಲ್ಲುತ್ತದೆ, ಮಿಟ್ಸ್ ಇರುವುದೇ ಅದಕ್ಕೆ. ಮಿಟ್ಸ್ ಇಲ್ಲದವರಿಗೆ ಬಾಕ್ಸಿಂಗ್ ಗ್ಲೌಸ್ ಕೊಟ್ಟು ನೋಡಿದೆವು. ಹೆಬ್ಬೆರಳು ಹೊರಗೆ ಉಳಿದು ಮಡಚಿಕೊಳ್ಳುತ್ತದೆ, ಮುಂದಿನ ಭಾಗ ದುಂಡಗಿದ್ದು ಕೈ ಹೊರಳುತ್ತದೆ. ಕೆಲಸಕ್ಕೆ ಬಂದದ್ದು ದಪ್ಪ ಕಾಲುಚೀಲ: ಬೆರಳ ಗೆಣ್ಣುಗಳ ಅಡಿಗೆ ಬರುವಂತೆ 3 ಸೆಂಟಿಮೀಟರ್ ಸ್ಪಂಜು ತುರುಕಿ, ಮುಷ್ಟಿ ಒಳಗಿಟ್ಟು, ಮಣಿಕಟ್ಟಿನ ಮೇಲೆ ಬಟ್ಟೆಪಟ್ಟಿ ಸುತ್ತಿದರೆ ಒಂದು ಕೂಟಕ್ಕೆ ಸಾಕು. ಖರ್ಚು ಇಲ್ಲವೇ ಇಲ್ಲ ಅನ್ನಬಹುದು.

ಹುಡ್ ವಿಷಯದಲ್ಲಿ ಒಂದು ನಿಯಮವನ್ನು ನಾವು ಸಡಿಲಿಸಿಲ್ಲ. ಮೊದಲ ಕೂಟದಲ್ಲಿ ಹುಡ್ ಅಥವಾ ಮಿಟ್ಸ್, ಎರಡರಲ್ಲಿ ಒಂದೇ. ಎರಡನ್ನೂ ಹಾಕಿದರೆ ಉಸಿರು ಕಟ್ಟಿದಂತಾದಾಗ ಹಿಂದಿನ ಜಿಪ್ ಎಳೆಯಲು ಬೆರಳಿಲ್ಲ. ಹೀಗೆ ಗಾಬರಿಗೊಂಡ ಪಪ್‌ನ ಹುಡ್ ತೆಗೆಯಲು ಹ್ಯಾಂಡ್ಲರ್ ಓಡಿ ಬರುವ ಅರ್ಧ ನಿಮಿಷ ತೀರಾ ಉದ್ದ. ಹಿಂದೆ ಲಾಡಿ ಕಟ್ಟುವ ಹುಡ್ ಹೊಸಬರಿಗೆ ಬೇಡವೇ ಬೇಡ. ನಿಯೋಪ್ರೀನ್ ಗಾಳಿಯಾಡದ ಬಟ್ಟೆ, ಬೆವರು ಒಳಗೇ ನಿಲ್ಲುತ್ತದೆ. ಆದ್ದರಿಂದ ಮೊದಲು ನಿಂತುಕೊಂಡು ಎರಡು ನಿಮಿಷ ಹಾಕಿ, ತಾನೇ ತೆಗೆದು ತೋರಿಸಬೇಕು. ಆಮೇಲಷ್ಟೇ ಮ್ಯಾಟ್. ಮೂತಿ ಬೇರೆಯಾಗಿ ಬಿಚ್ಚುವಂಥದ್ದಾದರೆ ಮೂತಿ ಇಲ್ಲದೆ ಶುರುಮಾಡಿ. ಕನ್ನಡಕ ಹುಡ್ ಒಳಗೆ ಕೂರುವುದಿಲ್ಲ ಅನ್ನುವುದು ಹಲವರಿಗೆ ಬಂದ ಮೇಲೇ ಗೊತ್ತಾಗುತ್ತದೆ. ಹುಡ್ ಎರವಲು ಕೊಡುವುದನ್ನು ನಿಲ್ಲಿಸಿದ್ದೇವೆ, ಒಬ್ಬರ ಬೆವರಿನೊಳಗೆ ಇನ್ನೊಬ್ಬರ ಮುಖ ಇಡಬಾರದು. ಬದಲಿಗೆ ಹೇರ್‌ಬ್ಯಾಂಡ್‌ಗೆ ಹೊಲಿದ ಕಿವಿಗಳು. ಕಿವಿ ಸಿಕ್ಕಿಸಿಕೊಂಡು ಮಂಡಿಯೂರಿದ ಕೂಡಲೇ ಭುಜ ಇಳಿದು ಮುಖ ಸಡಿಲಾಗುವುದನ್ನು ಎಷ್ಟೋ ಜನರಲ್ಲಿ ಕಂಡಿದ್ದೇವೆ. ಹೆಡ್‌ಸ್ಪೇಸ್‌ಗೆ, ಅಂದರೆ ಮನಸ್ಸು ಪೂರ್ತಿ ಪಪ್ ಆಗುವ ಸ್ಥಿತಿಗೆ, ಹುಡ್ ಬೇಕೇ ಬೇಕು ಅನ್ನುವುದು ಸುಳ್ಳು. ಮೊದಲ ದಿನವೇ ಹೆಡ್‌ಸ್ಪೇಸ್ ಸಿಗದೇ ಹೋಗಬಹುದು, ಅದಕ್ಕೆ ಬೇಸರ ಬೇಡ.

ನಿಲ್ಲಿಸುವ ಸನ್ನೆಯಲ್ಲಿ ನಾವು ಎಡವಿದ್ದೂ ಉಂಟು. ನಿಲ್ಲಿಸಲು ಕೆಂಪು, ನಿಧಾನಕ್ಕೆ ಹಳದಿ ಅಂತ ಬಾಯಲ್ಲಿ ಹೇಳುವುದು ಹುಡ್ ಒಳಗಿನಿಂದ, ಬೊಗಳುವ ಗದ್ದಲದಲ್ಲಿ ಕೇಳಿಸುವುದಿಲ್ಲ. ಕುಂಯ್‌ಗುಟ್ಟಿದರೆ ನಿಲ್ಲಿಸಿ ಅಂದೆವು. ಕುಂಯ್‌ಗುಟ್ಟುವುದು ಆಟದ ಭಾಗವೇ ಆದ್ದರಿಂದ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಈಗ ಇರುವುದು ಎರಡೇ: ಕುಸ್ತಿಯವರ ಹಾಗೆ ಮೂರು ಸಲ ತಟ್ಟುವುದು, ಮ್ಯಾಟ್ ಮೇಲಾದರೂ ಸರಿ, ಎದುರಿನವರ ಮೈಮೇಲಾದರೂ ಸರಿ. ಇಲ್ಲವೇ ಎರಡು ಕಾಲ ಮೇಲೆ ಎದ್ದು ನಿಲ್ಲುವುದು. ಎದ್ದು ನಿಂತವರು ಆಗ ಪಪ್ ಅಲ್ಲ, ಅವರನ್ನು ಯಾರೂ ಮುಟ್ಟಬಾರದು. ಒಂಬತ್ತು ಪಪ್‌ಗಳಿಗೆ ಇಬ್ಬರು ಕಾವಲು, ಎದುರುಬದುರು ಮೂಲೆಗಳಲ್ಲಿ, ಜೇಬಿನಲ್ಲಿ ಬಟ್ಟೆ ಕತ್ತರಿಸುವ ಮೊಂಡು ತುದಿಯ ಕತ್ತರಿ. ಅವರು ಅವತ್ತು ಆಡುವುದಿಲ್ಲ.

ಆಟಕ್ಕೆ ಕರೆಯುವುದು ಹೇಗೆ? ನಿಜವಾದ ನಾಯಿ ಮಾಡುವಂತೆಯೇ. ಮುಂಗೈ ಮುಂದೆ ಚಾಚಿ, ಎದೆ ಕೆಳಗೆ, ಸೊಂಟ ಮೇಲೆ. ಎದುರಿನವರು ಅದೇ ಭಂಗಿಗೆ ಬಂದರೆ ಒಪ್ಪಿಗೆ. ಮುಖ ತಿರುಗಿಸಿದರೆ ಇಲ್ಲ ಅಂತ ಅರ್ಥ, ಹಿಂದೆ ಬೀಳಬಾರದು. ಯಾವಾಗಲೂ ಎದುರಿನಿಂದ ಹೋಗಿ. ಭುಜಕ್ಕೆ ಭುಜ ಕೊಟ್ಟು ತಳ್ಳಬಹುದು. ತಲೆ, ಕುತ್ತಿಗೆ ಹಿಡಿಯುವುದು, ಬೆನ್ನ ಮೇಲೆ ಹತ್ತುವುದು, ಬಾಲ ಎಳೆಯುವುದು, ಕಚ್ಚುವುದು ಇಲ್ಲ. ಉಂಗುರ, ಸರ, ಕಿವಿಯೋಲೆ ತೆಗೆದಿಡಬೇಕು. ಮ್ಯಾಟ್ ಮೇಲೆ ಲೀಶ್ (ನಾಯಿಹಗ್ಗ) ಇಲ್ಲ, ಇನ್ನೊಬ್ಬರ ಕಾಲಿಗೆ ಸುತ್ತಿದರೆ ಕಾಲರ್ ಇರುವ ಕುತ್ತಿಗೆಗೇ ಎಳೆತ. ಹೊರಗೆ ನಡೆಸುವಾಗಲೂ ಲೀಶನ್ನು ಹಾರ್ನೆಸ್‌ಗೆ (ಎದೆಪಟ್ಟಿಗೆ) ಸಿಕ್ಕಿಸಿ. ಕಾಲರ್ ಒಳಗೆ ಎರಡು ಬೆರಳು ಆರಾಮಾಗಿ ಹೋಗಬೇಕು.

ಮಾಶ್ ನಲವತ್ತು ನಿಮಿಷ ಒಂದೇ ಸಮ ಬಿಟ್ಟಿದ್ದೆವು, ಕೊನೆಗೆ ಇಬ್ಬರಿಗೆ ತಲೆಸುತ್ತು. ಈಗ ಹದಿನೈದು ನಿಮಿಷ ಆಟ, ಹತ್ತು ನಿಮಿಷ ಬಿಡುವು. ಹೊಸಬರಿಗೆ ಮೊದಲ ಸುತ್ತು ಹತ್ತೇ ನಿಮಿಷ. ಬಿಡುವಿನಲ್ಲಿ ಹುಡ್ ತೆಗೆಯಲೇಬೇಕು. ಸುಮ್ಮನೆ ಕೂತವರಿಗೆ ಸ್ವಲ್ಪ ಚಳಿ ಅನಿಸುವಷ್ಟು, ಸುಮಾರು 20 ಡಿಗ್ರಿಗೆ ಕೋಣೆ ಇಡುತ್ತೇವೆ. ನೀರಿಗೆ ಬಟ್ಟಲು ಚೆಂದ ಕಾಣುತ್ತದೆ ನಿಜ, ಆದರೆ ಮೂತಿ ಒದ್ದೆಯಾದರೆ ಉಸಿರಾಟ ಕಷ್ಟ. ಹೆಸರು ಬರೆದ ಸ್ಟ್ರಾ ಬಾಟಲಿ ಇಡಿ, ತಲೆಗೆ ಕಡಿಮೆ ಅಂದರೂ ಅರ್ಧ ಲೀಟರ್. ತಲೆನೋವು, ವಾಕರಿಕೆ, ಬೆವರಿನ ನಡುವೆ ನಡುಕ ಬಂದರೆ ಅವತ್ತಿಗೆ ಆಟ ಮುಗಿಯಿತು.

ಪ್ರಯೋಗಗಳು ಹಲವು. ಮಕ್ಕಳ ಬಟ್ಟೆಯ ಸುರಂಗದ ಸ್ಪ್ರಿಂಗ್ ಮೊದಲ ದಿನವೇ ಕಿತ್ತು ಬಂತು. ಎರಡೂ ಕಡೆ ತೆರೆದ ದೊಡ್ಡ ರಟ್ಟಿನ ಪೆಟ್ಟಿಗೆಗಳು ಅದಕ್ಕಿಂತ ಎಷ್ಟೋ ಮೇಲು, ಹರಿದರೆ ಎಸೆದರಾಯಿತು. ಕೀಚ್ ಅನ್ನುವ ಆಟಿಕೆ ಮೂರಿದ್ದರೆ ಸಂತೋಷ, ಎಂಟಿದ್ದರೆ ತಲೆಚಿಟ್ಟು. ಹಗ್ಗ ಎಳೆಯುವುದು ಕೈಯಿಂದ ಮಾತ್ರ, ಬಾಯಿಂದ ಎಳೆದರೆ ಹಲ್ಲು, ಕುತ್ತಿಗೆ ಎರಡಕ್ಕೂ ಅಪಾಯ. ಸುತ್ತು ಮುಗಿಸಲು ಸೀಟಿ ಊದಿದರೆ ಹೆಡ್‌ಸ್ಪೇಸ್‌ನಲ್ಲಿರುವವರು ಬೆಚ್ಚಿಬೀಳುತ್ತಾರೆ. ಮಂದ ಬೆಳಕನ್ನು ಒಂದು ನಿಮಿಷದಲ್ಲಿ ನಿಧಾನಕ್ಕೆ ಏರಿಸಿದರೆ ತಾವಾಗಿಯೇ ಮೇಲೆ ಬರುತ್ತಾರೆ. ಮೂಲೆ ಹಿಡಿದ ಪಪ್‌ನನ್ನು ಮ್ಯಾಟ್‌ನ ನಡುವಿಗೆ ತರುವ ಒಂದು ಉಪಾಯ ನಮ್ಮ ಹ್ಯಾಂಡ್ಲರ್‌ಗಳ ಬಳಿ ಇದೆ, ಗುಟ್ಟು ರಟ್ಟಾದರೆ ಅದು ಕೆಲಸ ಮಾಡುವುದಿಲ್ಲ, ಹಾಗಾಗಿ ಬರೆಯುವುದಿಲ್ಲ.

ಶೂ ಹಾಕಿ ಮ್ಯಾಟ್ ಹತ್ತಬಾರದು. ಹುಳುಕಡ್ಡಿ, ತೆರೆದ ಗಾಯ ಇದ್ದವರು ಅವತ್ತು ಕುರ್ಚಿ ಕಡೆ ಇರಬೇಕು. ಮುಂಚೆ, ಆಮೇಲೆ ಎರಡು ಸಲ ಒರೆಸುತ್ತೇವೆ: 5 ಶೇಕಡಾದ ಬ್ಲೀಚ್ ಒಂದು ಪಾಲು, ನೀರು 99 ಪಾಲು, ಹತ್ತು ನಿಮಿಷ ಒದ್ದೆಯಾಗಿರಲು ಬಿಟ್ಟು ಬರೀ ನೀರಲ್ಲಿ ಮತ್ತೊಮ್ಮೆ. ಈ ಕೊನೆಯ ನೀರು ಬಿಟ್ಟರೆ ಮಂಡಿ, ಮೊಣಕೈ ಉರಿಯುತ್ತವೆ. ಚರ್ಮದ ಗೇರ್‌ಗೆ ಬ್ಲೀಚ್ ತಾಗಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ. ನಿಯೋಪ್ರೀನ್ ಹುಡ್ಡನ್ನು ತಣ್ಣೀರಿಗೆ ಸ್ವಲ್ಪ ಸೌಮ್ಯ ಸೋಪು ಹಾಕಿ ಕೈಯಲ್ಲೇ ತೊಳೆದು, ಒಳಮೈ ಹೊರಗೆ ಮಾಡಿ ಬಾಟಲಿಯ ಮೇಲೆ ನಿಲ್ಲಿಸಿದರೆ ಆಕಾರ ಕೆಡುವುದಿಲ್ಲ.

ಕೊನೆಯ ನಲವತ್ತು ನಿಮಿಷವನ್ನು ಯಾರೂ ತಪ್ಪಿಸಿಕೊಂಡು ಹೋಗಬಾರದು ಅಂತ ಬಾಗಿಲಲ್ಲೇ ಹೇಳಿರುತ್ತೇವೆ. ಹೊದಿಕೆ, ನೀರು, ತಲೆ ನೇವರಿಸಿಕೊಳ್ಳಲು ಇಷ್ಟವಿದ್ದರೆ ಒಂದು ಕೈ, ಇಲ್ಲದಿದ್ದರೆ ಸುಮ್ಮನೆ ಪಕ್ಕದಲ್ಲಿ ಒಬ್ಬರು. ಮನೆಗೆ ಹೋಗುವಾಗ ಎಲ್ಲರೂ ಖುಷಿಯಾಗಿರುತ್ತಾರೆ. ಡ್ರಾಪ್, ಅಂದರೆ ಆಟದ ನಂತರ ಮನಸ್ಸು ಕುಸಿಯುವುದು, ಬರುವುದು ಎಷ್ಟೋ ಸಲ ಮಾರನೆಯ ದಿನ, ಕೆಲವರಿಗೆ ಅದರ ಮಾರನೆಯ ದಿನ: ಕಾರಣವಿಲ್ಲದ ಅಳು, ನಾಚಿಕೆ, 'ಯಾಕಾದರೂ ಹೋದೆನೋ' ಅನ್ನುವ ಯೋಚನೆ. ಹೀಗಾಗಬಹುದು ಅಂತ ಮೊದಲೇ ತಿಳಿದವರು ಅದನ್ನು ದಾಟುತ್ತಾರೆ. ಅದಕ್ಕೇ ಪ್ರತಿ ಹೊಸಬರಿಗೂ ಹಳಬರೊಬ್ಬರನ್ನು ಜೋಡಿ ಮಾಡಿರುತ್ತೇವೆ. ಮಾರನೆಯ ದಿನ ಸಂಜೆ ಒಂದು, ಅದರ ಮಾರನೆಯ ದಿನ ಒಂದು ಸಂದೇಶ ಅವರಿಂದ ಹೋಗಲೇಬೇಕು. ಉತ್ತರ ಬರದಿದ್ದರೆ ಫೋನು.