ಸುರಂಗದ ಬಾಯಿಯಲ್ಲಿ ನಾನು ಕಲಿತದ್ದು

ಆಸ್ಟ್ರಿಯಾದ ಗ್ರಾಜ್‌ನಲ್ಲಿ ಕೆಲಸಕ್ಕೆ ಸೇರಿದಾಗ ನನ್ನ ಪಾಲಿಗೆ ಬಂದದ್ದು ಒಂದು ರಸ್ತೆ ಸುರಂಗದ ಬಾಯಿ. ಅಲ್ಲಿಂದ ಹೊರಬರುವ ಹೊಗೆ ಪಕ್ಕದ ಮನೆಗಳಿಗೆ ಎಷ್ಟು ತಲುಪುತ್ತದೆ ಅಂತ ಲೆಕ್ಕ ಹಾಕಬೇಕಿತ್ತು.

ಏಕಮುಖ ಸುರಂಗ ಸೈಕಲ್ ಪಂಪ್ ಇದ್ದ ಹಾಗೆ. ವಾಹನಗಳೇ ಗಾಳಿಯನ್ನು ಮುಂದಕ್ಕೆ ತಳ್ಳುತ್ತವೆ. ಉದ್ದಕ್ಕೂ ಉಗುಳಿದ್ದೆಲ್ಲ ಒಂದೇ ಬಾಯಿಂದ ಆಚೆ ಬರುತ್ತದೆ. ಅದೂ ಸುಮ್ನೆ ಹರಡುವುದಿಲ್ಲ, ಒಲೆ ಊದುವ ಕೊಳವೆಯಿಂದ ಬಂದಂತೆ ರಸ್ತೆಯ ಮೇಲೇ ನೇರವಾಗಿ ನುಗ್ಗುತ್ತದೆ.

ಮೊದಲು ನನಗೆ ಗೊತ್ತಿದ್ದ ಗೌಸಿಯನ್ ಮಾಡೆಲ್‌ನಲ್ಲೇ, ಅಂದರೆ ಹೊಗೆ ಗಾಳಿಯ ದಿಕ್ಕಲ್ಲಿ ಸಾಗುತ್ತಾ ಹರಡುವುದನ್ನು ಒಂದು ಸೂತ್ರದಿಂದ ಅಂದಾಜು ಮಾಡುವ ವಿಧಾನದಲ್ಲೇ, ಲೆಕ್ಕ ಹಾಕಿದೆ. ಎತ್ತರದ ಚಿಮಣಿಗೆ ಅದು ಸರಿ. ಆದರೆ ಗಾಳಿ ಬೀಸುತ್ತಲೇ ಇರುತ್ತದೆ ಅಂತ ಅದು ನಂಬಿಕೊಂಡಿರುತ್ತದೆ. ಗ್ರಾಜ್ ಊರು ಬೆಟ್ಟಗಳ ನಡುವಿನ ಬಟ್ಟಲು; ಚಳಿಗಾಲದ ರಾತ್ರಿ ಎಲೆ ಅಲುಗಾಡುವುದಿಲ್ಲ. ಇಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಗ್ರಾಲ್ ಅನ್ನುವ ಮಾಡೆಲ್ ಹುಟ್ಟಿದ್ದೇ ಇಂಥ ಗಾಳಿಯಿಲ್ಲದ ಹೊತ್ತಿಗೆ ಮತ್ತು ಸುರಂಗದ ಬಾಯಿಗೆ. ಕಾಲ್ಪನಿಕ ಕಣಗಳನ್ನು ರಾಶಿ ರಾಶಿ ಬಿಟ್ಟು, ಒಂದೊಂದರ ದಾರಿಯನ್ನೂ ಅದು ಹಿಂಬಾಲಿಸುತ್ತದೆ. ಉಚಿತವಾಗಿ ಸಿಗುತ್ತದೆ.

ಅದಕ್ಕೂ ನಾನು ತಪ್ಪು ಅಂಕಿ ಕೊಟ್ಟೆ. ಒಳಗಿನ ಮತ್ತು ಹೊರಗಿನ ಗಾಳಿಯ ಉಷ್ಣಾಂಶದ ವ್ಯತ್ಯಾಸ ಕೇಳಿದ ಕಡೆ, ಏನು ಮಹಾ ಅಂತ ಸೊನ್ನೆ ಬರೆದುಬಿಟ್ಟೆ. ಬಾಯಿಯ ಸುತ್ತ ಕಂಬಗಳಿಗೆ ಕಟ್ಟಿದ್ದ ಪ್ಯಾಸಿವ್ ಟ್ಯೂಬ್‌ಗಳು, ಅಂದರೆ ಪಂಪ್ ಇಲ್ಲದೆ ಗಾಳಿಯಲ್ಲಿನ ಅನಿಲವನ್ನು ತಾವೇ ಹೀರಿಕೊಳ್ಳುವ ಅಳತೆ ಕೊಳವೆಗಳು, ಬೇರೆಯೇ ಕಥೆ ಹೇಳಿದವು. ಚಳಿಗಾಲದಲ್ಲಿ ಸುರಂಗದ ಗಾಳಿ ಬೆಚ್ಚಗಿರುತ್ತದೆ, ಹೊರಬಂದ ಮೇಲೆ ಮೇಲೇಳುತ್ತದೆ. ನನ್ನ ಲೆಕ್ಕದಲ್ಲಿ ಅದು ನೆಲಕ್ಕೇ ಅಂಟಿಕೊಂಡು ಕೂತಿತ್ತು! ಉಷ್ಣಾಂಶ ಅಳೆದು ಹಾಕಿದ ಮೇಲೆ ಲೆಕ್ಕವೂ ಟ್ಯೂಬ್‌ಗಳ ಅಳತೆಯೂ ಹತ್ತಿರ ಬಂದವು. ಗಾಳಿಯ ಅಳತೆಯೂ ಅಷ್ಟೇ, ವಿಮಾನ ನಿಲ್ದಾಣದ್ದು ಸಾಲದು, ಬಾಯಿಯ ಹತ್ತಿರವೇ ಕಂಬ ನೆಡಬೇಕು.

ಇನ್ನೊಂದು ತೊಡಕು ನೈಟ್ರೋಜನ್ ಡೈಆಕ್ಸೈಡ್, ಉಸಿರಾಟಕ್ಕೆ ಕೆಟ್ಟದಾದ ಅನಿಲ. ಎಂಜಿನ್‌ಗಳಿಂದ ಹೆಚ್ಚಾಗಿ ಬರುವುದು ನೈಟ್ರಿಕ್ ಆಕ್ಸೈಡ್. ಹೊರಗಿನ ಓಝೋನ್ ಸಿಕ್ಕಿದ ಮೇಲೆ ಅದು ಡೈಆಕ್ಸೈಡ್ ಆಗುತ್ತದೆ. ಹಾಗಾಗಿ ಬಾಯಿಂದ ದೂರ ಹೋದಂತೆ ಒಟ್ಟು ಹೊಗೆ ಕಡಿಮೆಯಾದಷ್ಟು ವೇಗವಾಗಿ ಡೈಆಕ್ಸೈಡ್ ಕಡಿಮೆಯಾಗುವುದಿಲ್ಲ.

ಕಡಿಮೆ ಮಾಡುವ ದಾರಿಗಳಲ್ಲಿ ನನಗೆ ಇಷ್ಟವಾದದ್ದು ತೀರಾ ಸಾದಾ: ಅಕ್ಕಪಕ್ಕದ ಎರಡು ಬಾಯಿಗಳ ನಡುವೆ ಗೋಡೆ. ಇಲ್ಲದಿದ್ದರೆ ಒಂದರಿಂದ ಹೊರಬಂದ ಹೊಗೆಯನ್ನು ಪಕ್ಕದ್ದು ಒಳಗೆಳೆದುಕೊಳ್ಳುತ್ತದೆ. ಆದರೆ ಗೋಡೆಯಿಂದ ಮನೆಗಳಿಗೆ ಅಂಥ ಲಾಭವಿಲ್ಲ. ಅವರಿಗೆ ಬೇಕಾದದ್ದು ಬಾಯಿಗೆ ಮುಂಚೆಯೇ ಗಾಳಿಯನ್ನು ಹೀರಿ ಎತ್ತರದ ಚಿಮಣಿಯಿಂದ ಬಿಡುವುದು. ಸಿಡ್ನಿಯ ಹೊಸ ಸುರಂಗಗಳಲ್ಲಿ ಹೀಗೇ ಮಾಡುತ್ತಾರೆ. ಫ್ಯಾನ್‌ಗಳು ವಾಹನಗಳ ತಳ್ಳುವಿಕೆಗೆ ಎದುರಾಗಿ ಎಳೆಯಬೇಕು, ಕರೆಂಟ್ ಬಿಲ್ ಜಾಸ್ತಿ. ನಾವು ಗಾಳಿ ನಿಂತ ಹೊತ್ತಲ್ಲಿ ಮಾತ್ರ ಪೂರ್ತಿ ಓಡಿಸಿ ಅಂತ ಬರೆದುಕೊಟ್ಟೆವು.

ಈಗ ಊರಿಂದ ಗೆಳೆಯರು ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗದ ಬಗ್ಗೆ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ಬಾಯಿ ಎಲ್ಲಿ ಬಿಡ್ತಾರಂತೆ, ಡಿಸೆಂಬರ್ ಬೆಳಗ್ಗೆ ಅಲ್ಲಿ ಗಾಳಿ ಎಷ್ಟಿರುತ್ತೆ, ಯಾರಾದ್ರೂ ಅಳೆದಿದ್ದಾರಾ?