ಅತ್ತೆಯ ಆರೈಕೆ, ನನ್ನ ಕಾರ್ಟಿಸಾಲ್

ಚಿತ್ರದುರ್ಗದ ಒಂದು ಪಿಯು ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಹೇಳಿಕೊಡುತ್ತೇನೆ. ಮನೆಯಲ್ಲಿ ಅತ್ತೆಗೆ ಲಕ್ವ ಹೊಡೆದು ಕೆಲವು ವರ್ಷಗಳಾದವು. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮಾತು ಅರ್ಧಂಬರ್ಧ. "ಟೆನ್ಷನ್ ಕಡಿಮೆ ಮಾಡ್ಕೊಳ್ಳಿ ಮೇಡಂ" ಅಂತ ಯಾರಾದರೂ ಅಂದರೆ ನಗು ಬರುತ್ತದೆ. ಯಾವುದನ್ನು ಕಡಿಮೆ ಮಾಡಲಿ, ಅತ್ತೆಯನ್ನಾ, ಕೆಲಸವನ್ನಾ? ಒತ್ತಡ ಬರುವುದು ಬರಲಿ, ಬಂದ ಮೇಲೆ ಮೈ ಬೇಗ ತಣ್ಣಗಾದರೆ ಸಾಕು ಅಂತ ಆ ಕಡೆಗೆ ಕೈ ಹಾಕಿದೆ.

ಇದರ ಹಿಂದಿನ ಕಥೆಯನ್ನು ಪ್ರತಿ ವರ್ಷ ಬೋರ್ಡ್ ಮೇಲೆ ಬರೆಯುತ್ತೇನೆ. ಮಿದುಳಿನ ಹೈಪೋಥಲಾಮಸ್ ಅನ್ನುವ ಭಾಗ ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿಗೆ ಹೇಳುತ್ತದೆ, ಅಲ್ಲಿಂದ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನ್ ರಕ್ತಕ್ಕೆ ಇಳಿಯುತ್ತದೆ. ಅದೇ ಕಾರ್ಟಿಸಾಲ್ ತಿರುಗಿ ಮಿದುಳಿಗೆ ಹೋಗಿ "ಸಾಕು" ಅನ್ನುತ್ತದೆ. ಟ್ಯಾಂಕ್ ತುಂಬಿದಾಗ ಮೋಟಾರ್ ತಾನೇ ಆಫ್ ಆಗುತ್ತದಲ್ಲ, ಹಾಗೆ. ಈ "ಸಾಕು" ಕೇಳಿಸಿಕೊಳ್ಳುವ ಜಾಗಗಳಲ್ಲಿ, ನೆನಪಿಗೆ ಸಂಬಂಧಪಟ್ಟ ಹಿಪೊಕ್ಯಾಂಪಸ್ ಮುಖ್ಯವಾದದ್ದು. ಒತ್ತಡ ದಿನವೂ ಇದ್ದರೆ ಅಲ್ಲಿನ ನರಕೋಶಗಳ ಕವಲುಗಳು ಮೊಟಕಾಗುತ್ತವೆ.

ನಮ್ಮ ಬೆಂಗಳೂರಿನ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಅವರ ತಂಡ 2002ರಲ್ಲಿ ಇಲಿಗಳಲ್ಲಿ ಇನ್ನೊಂದು ವಿಷಯ ತೋರಿಸಿತು. ಹಿಪೊಕ್ಯಾಂಪಸ್‌ನಲ್ಲಿ ಕವಲು ಮೊಟಕಾಗುವ ಹೊತ್ತಿಗೇ, ಭಯಕ್ಕೆ ಸಂಬಂಧಪಟ್ಟ ಅಮಿಗ್ಡಲಾದಲ್ಲಿ ಕವಲು ಬೆಳೆಯುತ್ತದೆ. ಒತ್ತಡ ನಿಲ್ಲಿಸಿ 21 ದಿನ ಬಿಟ್ಟರೂ ಆ ಬೆಳವಣಿಗೆ ಇಳಿಯಲಿಲ್ಲ ಅಂತ ಅದೇ ತಂಡ ಆಮೇಲೆ ಬರೆಯಿತು. ಇದು ಇಲಿಯ ಮಾತು, ನಿಜ. ಆದರೂ ಪಕ್ಕದ ಕೋಣೆಯಲ್ಲಿ ಅತ್ತೆ ಕೆಮ್ಮಿದರೆ ಸಾಕು ನನ್ನ ಎದೆ ಡವಡವ ಅನ್ನುವುದು ಯಾಕೆ ಅಂತ ಒಂದು ಅಂದಾಜು ಸಿಕ್ಕಿತು.

ನನಗೆ ತುಂಬಾ ಹಿಡಿಸಿದ್ದು ಅಮೆರಿಕದ ಎರಿಕ್ ನೆಸ್ಲರ್ ತಂಡದ 2007ರ ಕೆಲಸ. ಸಣ್ಣ ಇಲಿಗಳನ್ನು ಹತ್ತು ದಿನ ಜಗಳಗಂಟ ಇಲಿಗಳ ಪಂಜರಕ್ಕೆ ಬಿಟ್ಟರು. ಕೆಲವು ಆಮೇಲೆ ಯಾವ ಇಲಿಯ ಹತ್ತಿರವೂ ಸುಳಿಯಲಿಲ್ಲ. ಕೆಲವು ಎಂದಿನಂತೆ ಬೆರೆತವು. ಸ್ವಾರಸ್ಯ ಏನೆಂದರೆ, ಒತ್ತಡದ ಹಾರ್ಮೋನ್ ಎರಡೂ ಗುಂಪಿನಲ್ಲಿ ಏರಿತ್ತು. ಬೆರೆತ ಇಲಿಗಳ ಮಿದುಳಿನಲ್ಲಿ, ಖುಷಿಗೆ ಸಂಬಂಧಪಟ್ಟ ಒಂದು ಭಾಗದಲ್ಲಿ, ಇನ್ನೂ ಜಾಸ್ತಿ ಜೀನ್‌ಗಳು ಬದಲಾಗಿದ್ದವು. ಅದರಲ್ಲಿ ಪೊಟ್ಯಾಸಿಯಂ ಚಾನೆಲ್‌ಗಳ ಜೀನ್‌ಗಳೂ ಇದ್ದವು. ಅತಿಯಾಗಿ ಮಿಡಿಯುವ ನರಕೋಶವನ್ನು ಅವು ಹತೋಟಿಗೆ ತರುತ್ತವೆ. ಗಟ್ಟಿ ಜೀವಕ್ಕೆ ಏನೂ ತಟ್ಟಲ್ಲ ಅನ್ನುತ್ತಾರಲ್ಲ, ನನಗಂತೂ ಇದನ್ನು ಓದಿದ ಮೇಲೆ ಆ ಮಾತಿನಲ್ಲಿ ನಂಬಿಕೆ ಇಲ್ಲ. ತಟ್ಟುತ್ತದೆ, ಮಿದುಳು ಒಳಗೊಳಗೇ ದುಡಿದು ಸಂಭಾಳಿಸುತ್ತದೆ.

ಅತ್ತೆಯನ್ನು ನೋಡಿಕೊಳ್ಳಲು ಮೊದಲು ರಾತ್ರಿ ಪಾಳಿ ಮಾಡಿಕೊಂಡೆವು. ಅರ್ಧ ರಾತ್ರಿವರೆಗೆ ಗಂಡ, ಆಮೇಲೆ ನಾನು. ಇಬ್ಬರಿಗೂ ಒಂದೇ ಸಮನೆ ಒಂದಿಷ್ಟು ನಿದ್ದೆ. ಇಬ್ಬರೂ ಎಲ್ಲಕ್ಕೂ ಏಳುವುದು ನೋಡುವವರಿಗೆ ತ್ಯಾಗ ಅನ್ನಿಸುತ್ತದೆ, ಮೈಗೆ ಮಾತ್ರ ನಷ್ಟ.

ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಕಾರ್ಟಿಸಾಲ್ ಸಹಜವಾಗಿಯೇ ಮೇಲೇರುತ್ತದೆ. ಆ ಹೊತ್ತಿಗೆ ಸುಮ್ನೆ ಮೊಬೈಲ್ ನೋಡುತ್ತಾ ಕೂರುವ ಬದಲು ಚಂದ್ರವಳ್ಳಿ ಕಡೆ ನಡೆಯುತ್ತೇನೆ. ಜೋಗಿಮಟ್ಟಿ ಏರು ಇನ್ನೂ ಒಳ್ಳೆಯದು. ಏದುಸಿರು ಬಂದಾಗಲೂ ಕಾರ್ಟಿಸಾಲ್ ಏರುತ್ತದೆ, ಆದರೆ ನಿಂತ ಮೇಲೆ ಇಳಿಯುತ್ತದೆ. ಏರಿ ಇಳಿಯುವುದು ಮೈಗೆ ರೂಢಿ ಆಗಬೇಕು ಅಂತ ನನ್ನ ಆಸೆ. ಓಡುವ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಬಿಡಿಎನ್‌ಎಫ್ ಅನ್ನುವ, ನರಕೋಶ ಪೋಷಿಸುವ ಪ್ರೋಟೀನ್ ಜಾಸ್ತಿ ಆಗುತ್ತದೆ ಅನ್ನುವುದೂ ತಲೆಯಲ್ಲಿತ್ತು.

ಉಸಿರಾಟಕ್ಕೆ ಅಂತ ಬೇರೆ ಹೊತ್ತು ಸಿಗಲಿಲ್ಲ. ಅತ್ತೆಗೆ ರಾಗಿ ಗಂಜಿ ಕುಡಿಸುವಾಗಲೇ ಮಾಡುತ್ತೇನೆ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ತಗ್ಗಿಸಿ, ಅರ್ಧ ಚಮಚ ಬಾಯಿಗಿಟ್ಟರೆ ಅವರು ನುಂಗಲು ಹೊತ್ತು ಹಿಡಿಯುತ್ತದೆ. ಅವಸರ ಮಾಡಿದರೆ ನೆತ್ತಿಗೇರುತ್ತದೆ. ಮೊದಲೆಲ್ಲ ಆ ಹೊತ್ತಿನಲ್ಲಿ ಗಡಿಯಾರ ನೋಡುತ್ತಿದ್ದೆ. ಈಗ ಅವರ ಗಂಟಲು ನೋಡುತ್ತಾ ಮೂಗಿನಿಂದ ಉದ್ದಕ್ಕೆ ಉಸಿರು ಬಿಡುತ್ತೇನೆ. ಗಂಟಲು ಮೇಲೆದ್ದು ಕೆಳಗಿಳಿದ ಮೇಲೆ ಮುಂದಿನ ಚಮಚ. ಉಸಿರು ಬಿಡುವಾಗ ವೇಗಸ್ ನರ ಹೃದಯದ ಬಡಿತವನ್ನು ನಿಧಾನ ಮಾಡುತ್ತದೆ. ನಿಮಿಷಕ್ಕೆ ಆರರ ಹತ್ತಿರ ಉಸಿರಾಡಿದರೆ ಬಡಿತದ ಈ ಏರಿಳಿತ ದೊಡ್ಡದಾಗುತ್ತದೆ. ಬಟ್ಟಲು ಖಾಲಿಯಾಗುವಷ್ಟರಲ್ಲಿ ಭುಜ ಸಡಿಲ ಆಗಿರುತ್ತದೆ.

ಭಾನುವಾರ ಹೊಸದುರ್ಗದಿಂದ ನಾದಿನಿ ಬರುತ್ತಾಳೆ. ಅವಳನ್ನು ಕೇಳಲು ನನಗೆ ಸಂಕೋಚ ಇತ್ತು. ಕೇಳಿದ್ದೇ ಒಳ್ಳೆಯದಾಯಿತು, ಅವಳೂ ಅದಕ್ಕೇ ಕಾಯುತ್ತಿದ್ದಳಂತೆ. ಯಾರೂ ಇಲ್ಲದವರು, ವಾರಗಟ್ಟಲೆ ನಿದ್ದೆ ಬಾರದವರು ಡಾಕ್ಟರ್ ಹತ್ತಿರ ಹೋಗಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಇಂಥ ಸ್ಥಿತಿಗೆ ವಾಕಿಂಗ್ ಸಾಲದು.

ಕಾರ್ಟಿಸಾಲ್ ಟೆಸ್ಟ್ ಮಾಡಿಸಿದಿರಾ ಅಂತ ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ಇಲ್ಲ. ಬೆಳಿಗ್ಗೆ ಜಾಸ್ತಿ, ರಾತ್ರಿ ಕಡಿಮೆ ಇರುವ ಹಾರ್ಮೋನ್, ಒಂದು ಸಲದ ರಿಪೋರ್ಟಿನಿಂದ ಇಂಥದ್ದು ಗೊತ್ತಾಗುವುದಿಲ್ಲ. ರಾತ್ರಿ ಎದ್ದು ಅತ್ತೆಯ ಮಗ್ಗುಲು ಬದಲಿಸಿ ಬಂದರೆ ಮತ್ತೆ ನಿದ್ದೆ ಹತ್ತಲು ಎಷ್ಟು ಹೊತ್ತು ಅನ್ನುವುದೇ ನನ್ನ ಲೆಕ್ಕ. ಮೊದಲು ಹಾಲಿನವನು ಬರುವವರೆಗೂ ಕಣ್ಣು ಬಿಟ್ಟಿರುತ್ತಿದ್ದೆ. ಈಗ ಬೇಗ ಹತ್ತುತ್ತದೆ, ಪರೀಕ್ಷೆ ಪೇಪರ್ ತಿದ್ದುವ ದಿನಗಳನ್ನು ಬಿಟ್ಟು.